ಹತ್ತನೇ ಸಂಪುಟದಲ್ಲಿ ನಿಂತುಹೋದ ಕಾಲಚಕ್ರ

(1/8)

ಫೋಟೋದಲ್ಲಿ ಎಡಗಡೆಯಿಂದ ಎಣಿಸ್ತಾ ಬನ್ನಿ, ಹತ್ತನೇ ಪುಸ್ತಕದ ಹತ್ರ ನಿಲ್ಲಿ. 'ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್'. ರಾಬರ್ಟ್ ಜೋರ್ಡನ್ ಅವರ 'ದ ವ್ಹೀಲ್ ಆಫ್ ಟೈಮ್' ಅನ್ನೋ ಮಹಾ ಫ್ಯಾಂಟಸಿ ಸರಣಿಯ ಹತ್ತನೇ ಸಂಪುಟ. ಅಮೆರಿಕದಲ್ಲಿ ಇದು ಬಿಡುಗಡೆಯಾಗಿದ್ದು 2003ರ ಜನವರಿಯಲ್ಲಿ.

ಆವತ್ತು ಇದನ್ನ ಕೊಂಡವರ ಸ್ಥಿತಿ ಸ್ವಲ್ಪ ಊಹಿಸಿಕೊಳ್ಳಿ. ಒಂಬತ್ತನೆಯದು ಬಂದು ಎರಡು ವರ್ಷ ದಾಟಿತ್ತು. ಅದರ ಕೊನೆಯಲ್ಲಿ ಇಡೀ ಕಥೆಯ ಅತಿ ದೊಡ್ಡ ಘಟನೆಗಳಲ್ಲಿ ಒಂದು ನಡೆದಿತ್ತು. ಮೂರು ಸಾವಿರ ವರ್ಷಗಳಿಂದ ವಿಷ ಬೆರೆತಿದ್ದ ಮಾಂತ್ರಿಕ ಶಕ್ತಿಯ ಗಂಡು ಪಾಲನ್ನ ನಾಯಕ ರಾಂಡ್ ಶುದ್ಧ ಮಾಡಿದ್ದ. ಶಾಪ ಹಿಡಿದ ಒಂದು ಪಟ್ಟಣ ಪೂರ್ತಿ ಅಳಿಸಿಹೋಗಿ ಅಲ್ಲಿ ಬರೀ ದೊಡ್ಡ ಗುಂಡಿ ಉಳಿದಿತ್ತು. ಮುಂದೇನಪ್ಪಾ ಅಂತ ಜನ ಉಗುರು ಕಚ್ಚಿಕೊಂಡು ಕೂತಿದ್ದರು.

ಪುಸ್ತಕ ತೆರೆದರೆ ಮತ್ತೆ ಹಿಂದಿನ ದಿನಗಳೇ! ಬೇರೆ ಬೇರೆ ಊರಲ್ಲಿರೋ ಬೇರೆ ಬೇರೆ ಪಾತ್ರಗಳು ತಮ್ಮ ತಮ್ಮ ಕೆಲಸದಲ್ಲಿರ್ತಾರೆ. ದೂರದಲ್ಲೆಲ್ಲೋ ಭಾರೀ ಶಕ್ತಿಯೊಂದು ಉರಿಯುತ್ತಿರೋದು ಅವರ ಅರಿವಿಗೆ ಬರುತ್ತೆ. ಅದೇನಿರಬಹುದು ಅಂತ ತಲೆ ಕೆಡಿಸಿಕೊಳ್ತಾರೆ, ಮಾತಾಡ್ತಾರೆ, ಟೀ ಕುಡಿಯುತ್ತಾರೆ. ಹೀಗೆ ನೂರಾರು ಪುಟ. ಕಥಾನಾಯಕ ಬರೋದು ಬೆರಳೆಣಿಕೆಯ ಪುಟಗಳಲ್ಲಿ. ಓದುಗರಿಗೆ ಆಗಲೇ ಗೊತ್ತಿರೋ ಸುದ್ದಿ ಪಾತ್ರಗಳಿಗೆ ತಲುಪೋ ಹೊತ್ತಿಗೆ ಪುಸ್ತಕವೇ ಮುಗಿದಿರುತ್ತೆ.

ಸುಮಾರು 700 ಪುಟದ ಈ ಸಂಪುಟಕ್ಕೆ ಗುಡ್‌ರೀಡ್ಸ್ ಓದುಗರು ಕೊಟ್ಟಿರೋ ಅಂಕ ಇವತ್ತಿಗೂ ಹದಿನಾಲ್ಕರಲ್ಲಿ ಅತಿ ಕಡಿಮೆ. ಎಂಟರಿಂದ ಹತ್ತರವರೆಗಿನ ಸಂಪುಟಗಳಿಗೆ, ಕೆಲವರ ಲೆಕ್ಕದಲ್ಲಿ ಏಳನೆಯದನ್ನೂ ಸೇರಿಸಿ, ಅಭಿಮಾನಿಗಳೇ ಒಂದು ಹೆಸರಿಟ್ಟರು: 'ದ ಸ್ಲಾಗ್'. ಕೆಸರುಗದ್ದೆಯಲ್ಲಿ ಮೊಣಕಾಲವರೆಗೆ ಹೂತು, ಒಂದೊಂದೇ ಕಾಲು ಕಿತ್ತು ಇಡ್ತೀವಲ್ಲ, ಆ ನಡಿಗೆ.

ಅಷ್ಟು ಜೋರಾಗಿ ಓಡ್ತಿದ್ದ ಕಥೆ ಆ ಕೆಸರಿಗೆ ಹೇಗೆ ಬಂತು? ಈ ಸರಣಿ ಅದರ ಬಗ್ಗೆ. (ಕ್ಲೈಮ್ಯಾಕ್ಸ್ ಹೇಳೋದಿಲ್ಲ, ನಿಶ್ಚಿಂತೆಯಿಂದ ಓದಿ. ನಡುವಿನ ಕೆಲವು ಗುಟ್ಟು ಮಾತ್ರ ಬಿಟ್ಟುಕೊಡಲೇಬೇಕು.)

(2/8)

ಮೊದಲು ಮನುಷ್ಯನ ಬಗ್ಗೆ. ರಾಬರ್ಟ್ ಜೋರ್ಡನ್ ಅನ್ನೋದು ಕಾವ್ಯನಾಮ. ನಿಜವಾದ ಹೆಸರು ಜೇಮ್ಸ್ ಆಲಿವರ್ ರಿಗ್ನಿ ಜೂನಿಯರ್. ಹುಟ್ಟಿದ್ದು 1948ರಲ್ಲಿ, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಊರಲ್ಲಿ. ವಿಯೆಟ್ನಾಂ ಯುದ್ಧಕ್ಕೆ ಎರಡು ಸಲ ಹೋಗಿಬಂದವರು, ಅದೂ ಹೆಲಿಕಾಪ್ಟರ್ ಬಾಗಿಲಲ್ಲಿ ಕೂತು ಗುಂಡು ಹಾರಿಸೋ ಕೆಲಸಕ್ಕೆ. ಆಮೇಲೆ ಭೌತಶಾಸ್ತ್ರ ಓದಿ ನೌಕಾಪಡೆಗೆ ಪರಮಾಣು ಎಂಜಿನಿಯರ್ ಆದರು. ಮೊಣಕಾಲಿನ ಪೆಟ್ಟಿನಿಂದ ಆಸ್ಪತ್ರೆ ಹಿಡಿದಾಗ, ಓದ್ತಿದ್ದ ಪುಸ್ತಕವೊಂದು ಸರಿಬರದೆ ಇದಕ್ಕಿಂತ ನಾನೇ ಚೆನ್ನಾಗಿ ಬರೀತೀನಿ ಅಂದುಕೊಂಡರಂತೆ.

1981ರಲ್ಲಿ ಹ್ಯಾರಿಯೆಟ್ ಮೆಕ್‌ಡೂಗಲ್ ಅವರನ್ನ ಮದುವೆಯಾದರು. ಈ ಹೆಸರು ನೆನಪಿಟ್ಟುಕೊಳ್ಳಿ, ಕಥೆಯ ಕೊನೆಯಲ್ಲಿ ಮತ್ತೆ ಬೇಕಾಗುತ್ತೆ. ಹ್ಯಾರಿಯೆಟ್ ಟಾರ್ ಪ್ರಕಾಶನದ ದೊಡ್ಡ ಸಂಪಾದಕಿ. ಗಂಡ ಬರೆದ ಪುಟಕ್ಕೆ ಮೊದಲು ಕೆಂಪು ಪೆನ್ನು ಹಿಡೀತಿದ್ದವರು ಅವರೇ.

ಎಂಬತ್ತರ ದಶಕದಲ್ಲಿ ಜೋರ್ಡನ್ 'ಕೋನನ್' ಕಾದಂಬರಿಗಳನ್ನ ಬರೆದು ಕೈ ಪಳಗಿಸಿಕೊಂಡರು. ಆಮೇಲೆ ಟಾರ್‌ನ ಮುಖ್ಯಸ್ಥ ಟಾಮ್ ಡೊಹರ್ಟಿ ಮುಂದೆ ಒಂದು ಹೊಸ ಯೋಜನೆ ಇಟ್ಟರು. ಮೂರು ಪುಸ್ತಕ ಸಾಕು ಅಂದಿದ್ದರು. ಡೊಹರ್ಟಿಗೆ ಇವರ ಸ್ವಭಾವ ಗೊತ್ತು. ಮೂರರಲ್ಲೆಲ್ಲ ಮುಗಿಸೋ ಆಸಾಮಿ ಅಲ್ಲ ಅಂತ ಆರು ಪುಸ್ತಕಕ್ಕೆ ಕರಾರು ಮಾಡಿಕೊಂಡರು. ಆದದ್ದು ಹದಿನಾಲ್ಕು. ಶುರುವಿನ ಈ ಎರಡು ತಪ್ಪು ಅಂದಾಜುಗಳ ಪೈಕಿ ಡೊಹರ್ಟಿಯದೇ ನಿಜಕ್ಕೆ ಸ್ವಲ್ಪ ಹತ್ತಿರದ್ದು!

ಮೊದಲ ಸಂಪುಟ 'ದಿ ಐ ಆಫ್ ದ ವರ್ಲ್ಡ್' 1990ರ ಜನವರಿಯಲ್ಲಿ ಬಂತು. ಎರಡನೆಯದು ಅದೇ ವರ್ಷ ನವೆಂಬರ್‌ನಲ್ಲಿ. ಆಮೇಲೆ 1991, 1992, 1993, 1994, ವರ್ಷಕ್ಕೊಂದರಂತೆ. ಒಂದೊಂದೂ ಎರಡೂವರೆ ಲಕ್ಷದಿಂದ ನಾಲ್ಕು ಲಕ್ಷ ಪದ. ಐದು ವರ್ಷದೊಳಗೆ ಆರು ಪುಸ್ತಕ ಮಾರಾಯ್ರೇ! ನಿಧಾನಗತಿ ಅಂತ ಆಮೇಲೆ ಬೈಸಿಕೊಂಡವರು ಇವರೇನಾ ಅನ್ನಿಸುತ್ತೆ.

(3/8)

ಓದದವರಿಗೆ ಕಥೆಯ ಎಳೆ ಇಷ್ಟು. ಟೂ ರಿವರ್ಸ್ ಅನ್ನೋ ಹಿಂದುಳಿದ ಸೀಮೆಯ ಒಂದು ಹಳ್ಳಿ. ಅಲ್ಲಿಂದ ರಾಂಡ್, ಮ್ಯಾಟ್, ಪೆರಿನ್, ಎಗ್ವೇನ್, ನೈನೀವ್ ಅನ್ನೋ ಐವರು ಊರು ಬಿಟ್ಟು ಮೊರೇನ್ ಅನ್ನೋ ಮಾಂತ್ರಿಕಳ ಜೊತೆ ಸಾಗ್ತಾರೆ. ಅವರಲ್ಲಿ ಒಬ್ಬ ಹಿಂದೊಮ್ಮೆ ಜಗತ್ತನ್ನೇ ಉಳಿಸಿ, ಒಡೆದು ಹೋದ ವೀರನ ಮರುಹುಟ್ಟು. ಕೊನೆಯಲ್ಲಿ ಮತ್ತೊಂದು ಮಹಾಯುದ್ಧ ಇದೆ ಅನ್ನೋದು ಮೊದಲ ಪುಟದಿಂದಲೇ ಗೊತ್ತು.

ಹೆಸರಲ್ಲಿರೋ ಚಕ್ರ ನಮಗೆ ಅಪರಿಚಿತವೇನಲ್ಲ. ಏಳು ಅರಗಳ ಚಕ್ರ, ಏಳು ಯುಗಗಳು, ಒಂದು ಯುಗ ಮುಗಿದು ಎಷ್ಟೋ ಕಾಲದ ನಂತರ ಅದೇ ಯುಗ ಮರಳಿ ಬರೋದು. ನಮ್ಮ ಯುಗಕಲ್ಪನೆಯ ಸೋದರಸಂಬಂಧಿ ಇದು. ಹುಟ್ಟು, ಸಾವು, ಮರುಹುಟ್ಟು ಎಲ್ಲಾ ಆ ಚಕ್ರ ನೇಯೋ ಬಟ್ಟೆಯ ನೂಲುಗಳು.

ನೇಯ್ಗೆಯ ಈ ರೂಪಕವೇ ಮುಂದೆ ಕುತ್ತಿಗೆಗೆ ಬಂತು ಅಂತ ನನ್ನ ಗುಮಾನಿ. ಬಟ್ಟೆಯಲ್ಲಿ ಎಲ್ಲಾ ನೂಲೂ ಮುಖ್ಯ ಅಂತ ನಂಬಿದ ಲೇಖಕನಿಗೆ ಯಾವ ನೂಲನ್ನೂ ಕತ್ತರಿಸೋಕೆ ಮನಸ್ಸು ಬರೋದಿಲ್ಲ. ಸರಣಿ ಮುಗಿಯೋ ಹೊತ್ತಿಗೆ ಹೆಸರಿರೋ ಪಾತ್ರಗಳ ಸಂಖ್ಯೆ ಎರಡು ಸಾವಿರ ದಾಟಿತ್ತು.

(4/8)

ಈಗ ಲೆಕ್ಕಕ್ಕೆ ಬರೋಣ. ನಿಧಾನ ಆಗಿದ್ದು ಯಾಕೆ ಅನ್ನೋದು ಬಹುಪಾಲು ಲೆಕ್ಕವೇ.

ಮೊದಲ ಸಂಪುಟದಲ್ಲಿ ಎಲ್ಲರೂ ಒಟ್ಟಿಗೆ ಇದ್ದಾರೆ. ದಾರಿಯಲ್ಲಿ ಚದುರಿದರೂ ಮತ್ತೆ ಸೇರ್ತಾರೆ. ಕಥೆ ಹೆಚ್ಚಾಗಿ ರಾಂಡ್ ಕಣ್ಣಿಂದಲೇ ಸಾಗುತ್ತೆ. ಹಾಗಾಗಿ ನೂರು ಪುಟ ಓದಿದರೆ ಕಥೆ ನೂರು ಪುಟ ಮುಂದಕ್ಕೆ ಹೋಗಿರುತ್ತೆ. ನಾಲ್ಕನೇ ಸಂಪುಟಕ್ಕೆ ಮೂರು ದಿಕ್ಕು. ಆದರೂ ಅದು ಸರಣಿಯಲ್ಲೇ ಅತ್ಯುತ್ತಮ ಅಂತ ಹೇಳೋರು ಬಹಳ ಮಂದಿ, ನಾನೂ ಅವರಲ್ಲೊಬ್ಬ. ಎಂಟನೆಯದಕ್ಕೆ ಬರೋಷ್ಟರಲ್ಲಿ ಐದಾರು ಕಥೆಗಳು ಐದಾರು ದೇಶಗಳಲ್ಲಿ. ಒಂದೊಂದಕ್ಕೂ ಸೈನ್ಯ, ಸಲಹೆಗಾರರು, ಶತ್ರುಗಳು, ಸಲಹೆಗಾರರೊಳಗೇ ಇರೋ ಶತ್ರುಗಳು. ಈಗ ನೂರು ಪುಟ ಓದಿದರೆ ನಿಮ್ಮ ಇಷ್ಟದ ಪಾತ್ರ ಇಪ್ಪತ್ತು ಪುಟ ಕೂಡ ಮುಂದೆ ಹೋಗಿರೋದಿಲ್ಲ.

ಅದರ ಮೇಲೆ ಕ್ಯಾಲೆಂಡರ್. ಆರನೆಯದಾದ ಮೇಲೆ ವರ್ಷಕ್ಕೊಂದು ಪುಸ್ತಕ ನಿಂತಿತು. ಏಳನೆಯದು 1996ರ ಮೇ, ಎಂಟು 1998ರ ಅಕ್ಟೋಬರ್, ಒಂಬತ್ತು 2000ದ ನವೆಂಬರ್, ಹತ್ತು 2003ರ ಜನವರಿ, ಹನ್ನೊಂದು 2005ರ ಅಕ್ಟೋಬರ್.

ಈ ಎರಡನ್ನೂ ಗುಣಿಸಿ ನೋಡಿ. ಪೆರಿನ್‌ನ ಹೆಂಡತಿ ಫಾಯೀಲ್‌ಳನ್ನ ಶತ್ರುಗಳು ಹೊತ್ತೊಯ್ಯೋದು ಎಂಟನೇ ಸಂಪುಟದ ಕೊನೆಯಲ್ಲಿ. ಅವಳು ಬಿಡುಗಡೆಯಾಗೋದು ಹನ್ನೊಂದರಲ್ಲಿ. ಪಾಪ ಪೆರಿನ್ ಒಂದು ಚರ್ಮದ ದಾರಕ್ಕೆ ದಿನಕ್ಕೊಂದು ಗಂಟು ಹಾಕ್ತಾ ಎಣಿಸ್ತಿರ್ತಾನೆ, ಗಂಟುಗಳು ಅರವತ್ತು ದಾಟೋದಿಲ್ಲ. ಓದುಗರು ಮಾತ್ರ ಏಳು ವರ್ಷ ಕಾದರು. ಎಂಟು ಓದಿದಾಗ ಹೈಸ್ಕೂಲಲ್ಲಿದ್ದ ಹುಡುಗ ಹನ್ನೊಂದರ ಹೊತ್ತಿಗೆ ಕೆಲಸಕ್ಕೆ ಸೇರಿ ಇಎಂಐ ಕಟ್ತಿದ್ದ.

ಮ್ಯಾಟ್ ಕಥೆ ಇನ್ನೂ ಮಜಾ. ಏಳನೇ ಸಂಪುಟದ ಕೊನೆಯಲ್ಲಿ ಅವನ ಮೇಲೆ ಗೋಡೆ ಕುಸಿಯುತ್ತೆ. ಎಂಟನೆಯದರಲ್ಲಿ ಅವನ ಸುಳಿವೇ ಇಲ್ಲ. ಬದುಕಿದ್ದಾನಾ ಅಂತ ಗೊತ್ತಾಗೋದಕ್ಕೆ 1996ರಿಂದ 2000ದವರೆಗೆ ಕಾಯಬೇಕಾಯ್ತು. ಸರಣಿಯ ಅತಿ ಜನಪ್ರಿಯ ಪಾತ್ರ ಅವನು!

ಇನ್ನೊಂದು ಉದಾಹರಣೆ ಹೇಳದೆ ಮುಂದೆ ಹೋಗೋಕೆ ಆಗ್ತಿಲ್ಲ. 1993ರ ಐದನೇ ಸಂಪುಟದ ಕೊನೆಯಲ್ಲಿ ಆಸ್ಮೋಡಿಯನ್ ಅನ್ನೋನ ಕೊಲೆಯಾಗುತ್ತೆ, ಕೊಂದವರ್ಯಾರು ಅಂತ ಹೇಳೋದಿಲ್ಲ. ಆಗಿನ ಯೂಸ್‌ನೆಟ್ ಗುಂಪುಗಳಲ್ಲಿ ಓದುಗರು ಇದನ್ನ ಕೊಲೆ ಕೇಸಿನ ಥರ ವರ್ಷಗಟ್ಟಲೆ ವಾದ ಮಾಡಿದರು. ಉತ್ತರ ಬಂದದ್ದು 2010ರಲ್ಲಿ, ಹದಿಮೂರನೇ ಸಂಪುಟದ ಹಿಂದಿರೋ ಪದಕೋಶದ ಒಂದು ಸಾಲಲ್ಲಿ. ಹದಿನೇಳು ವರ್ಷ ಆದ್ಮೇಲೆ, ಪದಕೋಶದಲ್ಲಿ!

(5/8)

ದುಡ್ಡಿಗೋಸ್ಕರ ಎಳೆದರು ಅನ್ನೋದು ಸಾಮಾನ್ಯ ಆರೋಪ. ಟಿಆರ್‌ಪಿ ಇದ್ದಷ್ಟು ದಿನ ಮದುವೆ ಮುಗಿಸದ ಧಾರಾವಾಹಿಗಳನ್ನ ನೋಡಿ ಬೆಳೆದ ನಮಗೆ ಆ ಅನುಮಾನ ಸಹಜ. ಅದಕ್ಕೆ ಪುಷ್ಟಿ ಕೊಡೋ ಸಂಗತಿಯೂ ಇದೆ: ಎಂಟನೇ ಸಂಪುಟ 'ದ ಪಾತ್ ಆಫ್ ಡ್ಯಾಗರ್ಸ್' ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದ ಸರಣಿಯ ಮೊದಲ ಪುಸ್ತಕ. ಆಮೇಲಿನ ಸಂಪುಟಗಳೂ ಅಲ್ಲಿಗೇ ಹೋದವು. ಜನ ಅತಿ ಹೆಚ್ಚು ಬೈದ ಹತ್ತನೆಯದೂ ಸೇರಿ. ಓಡ್ತಿದ್ದಾಗ ಸಿಗದ ಪಟ್ಟ ತೆವಳ್ತಿದ್ದಾಗ ಸಿಕ್ಕಿತು.

ಇದರಲ್ಲಿ ಒಗಟೇನೂ ಇಲ್ಲ. ಎಂಟನೇ ಪುಸ್ತಕ ಕೊಳ್ಳೋನು ಏಳು ಪುಸ್ತಕ ಓದಿರೋನು. ಅವನು ಕಥೆ ಚೆನ್ನಾಗಿದೆಯಾ ಅಂತ ನೋಡಿ ಕೊಳ್ಳೋದಲ್ಲ, ಬಿಡೋಕಾಗದೆ ಕೊಳ್ಳೋದು. ಅಂದ್ರೆ ಪುಸ್ತಕ ದಾರಿ ತಪ್ಪುತ್ತಿದೆ ಅನ್ನೋ ಎಚ್ಚರಿಕೆ ಮಾರಾಟದ ಅಂಕಿಯಲ್ಲಿ ಕಾಣಿಸಿಕೊಳ್ಳೋ ಹಾಗೇ ಇರಲಿಲ್ಲ. ಕೆಂಪು ಪೆನ್ನು ಹೊರಗಿನವರ ಕೈಯಲ್ಲಿದ್ದಿದ್ದರೆ ಇನ್ನೂರು ಪುಟ ಹೋಗ್ತಿತ್ತಾ? ಇರಬಹುದು. ಆದರೆ ಅದೇ ಪೆನ್ನು ಮೊದಲ ಆರು ಸಂಪುಟಗಳ ಹಿಂದೆಯೂ ಇತ್ತು ಅನ್ನೋದನ್ನ ಮರೀಬಾರದು.

ನನಗೆ ಕಾಣೋ ಕಾರಣ ಬೇರೆ. ಜೋರ್ಡನ್ ಸೈನಿಕ. ಸೈನ್ಯ ಅಂದ್ರೆ ಕತ್ತಿಗಿಂತ ಮೊದಲು ಹೊಟ್ಟೆ ಅಂತ ಗೊತ್ತಿದ್ದವರು. ಹತ್ತನೇ ಸಂಪುಟದಲ್ಲಿ ಪೆರಿನ್ ತನ್ನ ದಂಡಿಗೆ ಧಾನ್ಯ ಕೊಳ್ಳೋಕೆ ಸೋ ಹಾಬರ್ ಅನ್ನೋ ಪಟ್ಟಣಕ್ಕೆ ಹೋಗ್ತಾನೆ. ಊರೆಲ್ಲಾ ಕೊಳಕು, ಬೀದಿಯಲ್ಲಿ ಸತ್ತವರ ನೆರಳುಗಳು ಓಡಾಡ್ತಿವೆ, ಗೋದಾಮಿನ ಧಾನ್ಯಕ್ಕೆಲ್ಲ ನುಸಿ ಬಿದ್ದಿದೆ. ಅದನ್ನೇ ಗಾಳಿಗೆ ತೂರಿ, ನುಸಿ ಹಾರಿಸಿ, ಚೀಲ ತುಂಬಿಸ್ತಾರೆ. ಹೆಂಡತಿ ಸೆರೆಯಲ್ಲಿರೋ ಗಂಡಸು ಧಾನ್ಯ ತೂರಿಸ್ತಾ ನಿಂತಿದ್ದಾನೆ! ಓದುಗರಿಗೆ ಸಿಟ್ಟು ಬಂದದ್ದು ನ್ಯಾಯವೇ. ಆದರೂ ಆ ಅಧ್ಯಾಯ ನನಗೆ ಇಡೀ ಪುಸ್ತಕದಲ್ಲಿ ಅತಿ ಇಷ್ಟ. ಯುದ್ಧ ಕಂಡವರು ಮಾತ್ರ ಹಾಗೆ ಬರೀಬಲ್ಲರು.

ತೊಂದರೆ ಏನಂದ್ರೆ, ಒಂದು ದಂಡಿನ ನುಸಿ ಚೆಂದ. ಐದು ದಂಡುಗಳ ನುಸಿಯನ್ನೂ ಅಷ್ಟೇ ಪ್ರೀತಿಯಿಂದ ಬರೆದರೆ? ಜೊತೆಗೆ ಎಲ್ಲರ ಉಡುಪಿನ ಕಸೂತಿ, ಕುರ್ಚಿಯ ಕೆತ್ತನೆ, ಇಲೇನ್ ರಾಣಿಗಿರಿಯ ಪ್ರತಿ ಮಾತುಕತೆ, ಅವಳ ಸ್ನಾನ, ನೈನೀವ್ ಜಡೆ ಜಗ್ಗೋದು. (ಜಡೆ ಜಗ್ಗಿದ್ದನ್ನ ಎಣಿಸೋದು ಅಭಿಮಾನಿಗಳ ಹಳೇ ಆಟ.) ಕಾಲವನ್ನ ಹಾರಿಸಿ 'ಆರು ತಿಂಗಳ ನಂತರ' ಅಂತ ಬರೆಯೋ ಅಭ್ಯಾಸ ಅವರಿಗೆ ಇರಲಿಲ್ಲ.

(6/8)

ಇಲ್ಲಿ ಪಕ್ಕದ ಮನೆಗೆ ಸ್ವಲ್ಪ ಇಣುಕಿ ಬರೋಣ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಮೊದಲ ಸಂಪುಟ 'ಎ ಗೇಮ್ ಆಫ್ ಥ್ರೋನ್ಸ್' 1996ರಲ್ಲಿ ಬಂದಾಗ ಮುಖಪುಟಕ್ಕೆ ಮೆಚ್ಚುಗೆಯ ಮಾತು ಕೊಟ್ಟವರು ಜೋರ್ಡನ್. ಆ ಮಾತಿನಿಂದ ತನಗೆ ಓದುಗರು ಸಿಕ್ಕರು ಅಂತ ಮಾರ್ಟಿನ್ ಹೇಳಿಕೊಂಡಿದ್ದಾರೆ. ಆ ಋಣಕ್ಕೆ ತಮ್ಮ ಕಥೆಯಲ್ಲಿ ಜೋರ್ಡೇನ್ ಅನ್ನೋ ಮನೆತನ ಸೃಷ್ಟಿಸಿ, ಅವರ ಕೋಟೆಗೆ 'ಟಾರ್' ಅಂತ ಹೆಸರಿಟ್ಟರು.

ಮಾರ್ಟಿನ್ ಮೂರನೇ ಸಂಪುಟದ ನಂತರ ಕಥೆಯನ್ನ ಐದು ವರ್ಷ ಮುಂದಕ್ಕೆ ಹಾರಿಸೋ ಯೋಚನೆ ಮಾಡಿದ್ದರು. ಬರೀತಾ ಬರೀತಾ ಅದು ಕೂಡಿಬರದೆ ಕೈಬಿಟ್ಟರು. 2005ರಲ್ಲಿ ಬಂದ ನಾಲ್ಕನೇ ಸಂಪುಟದಲ್ಲಿ ಅರ್ಧ ಪಾತ್ರಗಳೇ ಇರಲಿಲ್ಲ, ಉಳಿದರ್ಧ ಐದನೆಯದಕ್ಕೆ ಹೋಯಿತು. ಅದು ಬಂದದ್ದು 2011ರಲ್ಲಿ. ಆರನೆಯದು ಇನ್ನೂ ಬಂದಿಲ್ಲ. ಹಾರಬೇಕೋ ನಡೀಬೇಕೋ ಅನ್ನೋ ಪ್ರಶ್ನೆಗೆ ಇಬ್ಬರ ಉತ್ತರವೂ ನಡೆಯೋದೇ ಆಯಿತು, ಇಬ್ಬರ ಕಾಲೂ ಕೆಸರಲ್ಲಿ ಹೂತಿತು.

ಜೋರ್ಡನ್ ಮಾತ್ರ ಎದ್ದು ಬಂದರು. ಅದಕ್ಕೆ ಮೊದಲು 2004ರಲ್ಲಿ, ಮುಖ್ಯ ಕಥೆಯನ್ನ ಪಕ್ಕಕ್ಕಿಟ್ಟು 'ನ್ಯೂ ಸ್ಪ್ರಿಂಗ್' ಅನ್ನೋ ಪೂರ್ವಕಥೆ ತಂದು ಇನ್ನಷ್ಟು ಬೈಸಿಕೊಂಡಿದ್ದರು. ಆದರೆ 2005ರ ಹನ್ನೊಂದನೇ ಸಂಪುಟ 'ನೈಫ್ ಆಫ್ ಡ್ರೀಮ್ಸ್' ಓದಿ ನೋಡಿ. ಫಾಯೀಲ್ ಬಿಡುಗಡೆ, ಇಲೇನ್‌ಗೆ ಸಿಂಹಾಸನ, ಮ್ಯಾಟ್‌ಗೆ ಮದುವೆ. ವರ್ಷಗಟ್ಟಲೆ ಬಿಗಿದಿದ್ದ ಗಂಟುಗಳು ಒಂದೊಂದೇ ಬಿಚ್ಚಿಕೊಳ್ತವೆ. ಹಳೇ ಜೋರ್ಡನ್ ಮರಳಿ ಬಂದರು ಅಂತ ಓದುಗರು ಕುಣಿದಾಡಿದರು. ಇನ್ನೊಂದೇ ಪುಸ್ತಕ, ಅದೇ ಕೊನೆ, ಹೊಸ ಥರದ ಬೈಂಡಿಂಗ್ ಕಂಡುಹಿಡೀಬೇಕಾದರೂ ಸರಿ ಒಂದರಲ್ಲೇ ಮುಗಿಸ್ತೀನಿ ಅಂತ ಜೋರ್ಡನ್ ಮಾತು ಕೊಟ್ಟರು.

(7/8)

2006ರ ಮಾರ್ಚ್‌ನಲ್ಲಿ ಜೋರ್ಡನ್ ತಮ್ಮ ಕಾಯಿಲೆಯ ಸುದ್ದಿಯನ್ನ ತಾವೇ ಓದುಗರಿಗೆ ತಿಳಿಸಿದರು. ಕಾರ್ಡಿಯಾಕ್ ಅಮೈಲಾಯ್ಡೋಸಿಸ್. ಅಸಹಜ ಪ್ರೋಟೀನ್ ಹೃದಯದ ಸ್ನಾಯುವಿನೊಳಗೆ ಕೂತು ಅದನ್ನ ಗಡಸು ಮಾಡೋ ಅಪರೂಪದ ರೋಗ. ಚಿಕಿತ್ಸೆ ಸಿಕ್ಕರೂ ಸಾಮಾನ್ಯವಾಗಿ ನಾಲ್ಕು ವರ್ಷ ಅಂತ ವೈದ್ಯರ ಲೆಕ್ಕ. ನನಗೆ ಇನ್ನೂ ಮೂವತ್ತು ವರ್ಷ ಬರೆಯೋದಿದೆ ಅಂತ ಅವರ ಧೈರ್ಯ. ಮೇಯೋ ಕ್ಲಿನಿಕ್‌ನಲ್ಲಿ ಚಿಕಿತ್ಸೆ ನಡೀತು. ಕೈಲಾಗದ ದಿನಗಳಲ್ಲಿ ಬರೆಯೋದನ್ನ ಬಿಟ್ಟು ಬಾಯಲ್ಲಿ ಹೇಳಿ ಬರೆಸಿದರು. ಯಾರಿಗೆ ಏನಾಗುತ್ತೆ, ಯುದ್ಧ ಹೇಗೆ ಮುಗಿಯುತ್ತೆ ಅಂತ ಮನೆಯವರನ್ನ ಕೂರಿಸಿಕೊಂಡು ಕಥೆ ಹೇಳಿದರು. 2007ರ ಸೆಪ್ಟೆಂಬರ್ 16ರಂದು ತೀರಿಕೊಂಡರು. ವಯಸ್ಸು 58.

ಮೇಲೆ ಬರೆದ ಇಸವಿಗಳನ್ನ ಈಗ ಮತ್ತೊಮ್ಮೆ ನೋಡಿ. 1998, 2000, 2003, 2004. ಕೆಸರಲ್ಲಿ ಕಳೆದ ಆ ವರ್ಷಗಳಲ್ಲಿ ಖರ್ಚಾಗಿದ್ದು ಓದುಗರ ತಾಳ್ಮೆ ಅಂತ ಎಲ್ಲರೂ ಅಂದುಕೊಂಡಿದ್ದರು. ಖರ್ಚಾಗ್ತಿದ್ದದ್ದು ಅವರ ಆಯಸ್ಸು. ಅದು ಅವರಿಗೂ ಗೊತ್ತಿರಲಿಲ್ಲ.

ಬ್ರ್ಯಾಂಡನ್ ಸ್ಯಾಂಡರ್ಸನ್ ಅನ್ನೋ ಯೂಟಾದ ಯುವ ಲೇಖಕ ಆಗ ಜೋರ್ಡನ್ ಬಗ್ಗೆ ತನ್ನ ಬ್ಲಾಗಲ್ಲಿ ಒಂದು ಶ್ರದ್ಧಾಂಜಲಿ ಬರೆದ. ಅವನ ಮೊದಲ ಕಾದಂಬರಿ ಬಂದು ಎರಡೇ ವರ್ಷ ಆಗಿತ್ತು. ಆ ಬರಹ ಹ್ಯಾರಿಯೆಟ್ ಕೈಗೆ ಬಂತು. ಅವನ 'ಮಿಸ್ಟ್‌ಬಾರ್ನ್' ತರಿಸಿ ಓದಿದರು, ಫೋನ್ ಮಾಡಿದರು. ಗಂಡನ ಕಥೆ ಮುಗಿಸಿಕೊಡು ಅಂತ. ಅವನ ಕೈಗೆ ಬಂದದ್ದು ಕೊನೆ ಪುಸ್ತಕಕ್ಕೆ ಸಂಬಂಧಿಸಿದ ಸುಮಾರು 200 ಪುಟ. ಬರೆದು ಮುಗಿಸಿದ ದೃಶ್ಯಗಳು, ಅರ್ಧ ಬರೆದವು, ಬರೀ ಟಿಪ್ಪಣಿಗಳು. ಜೊತೆಗೆ ರಾಶಿ ರಾಶಿ ಹಳೇ ಕಡತ.

ಒಂದೇ ಪುಸ್ತಕ ಅಂದಿದ್ದರಲ್ಲ ಜೋರ್ಡನ್? ಅದು ಮೂರಾಯಿತು. 2009, 2010, 2013. ಮೂರೂ ಸೇರಿ ಹತ್ತು ಲಕ್ಷ ಪದದ ಹತ್ತಿರ. ಕೊನೇ ಸಂಪುಟದಲ್ಲಿ ಮಹಾಯುದ್ಧದ ಒಂದೇ ಅಧ್ಯಾಯ ಸುಮಾರು 200 ಪುಟ.

ಜೋರ್ಡನ್ ಬೇಕಂತಲೇ ಎಳೆದರು ಅನ್ನೋರಿಗೆ ನಾನು ತೋರಿಸೋದು ಈ ಲೆಕ್ಕವನ್ನೇ. ವೇಗಕ್ಕೆ ಹೆಸರಾದ ಸ್ಯಾಂಡರ್ಸನ್, ವಿವರಣೆ ಕಡಿಮೆ ಮಾಡಿ, ಓಡಿಸಿಕೊಂಡು ಹೋದರೂ ಬಾಕಿ ತೀರಿಸೋದಕ್ಕೆ ಮೂರು ದಪ್ಪ ಪುಸ್ತಕ ಬೇಕಾದವು. ಸಾಲ ಅಷ್ಟಿತ್ತು.

(8/8)

ಸ್ಯಾಂಡರ್ಸನ್ ಸಂಪುಟಗಳಲ್ಲಿ ಕಥೆ ಓಡುತ್ತೆ, ಆದರೆ ಆ ನೇಯ್ಗೆ ಅಷ್ಟು ದಟ್ಟವಿಲ್ಲ. ಅವನ ಕೈಲಿ ಮ್ಯಾಟ್ ಮೊದಲು ಸ್ವಲ್ಪ ಬೇರೆ ಮನುಷ್ಯನ ಥರಾನೇ ಮಾತಾಡ್ತಾನೆ, ಅದನ್ನ ಅವನೇ ಒಪ್ಪಿಕೊಂಡಿದ್ದಾನೆ. ಸೋ ಹಾಬರ್‌ನ ನುಸಿಯಂಥ ಪುಟ ಅಲ್ಲಿ ಸಿಗಲಿಲ್ಲ ನನಗೆ.

ಇನ್ನು ಹೊಸದಾಗಿ ಓದೋರಿಗೆ. ಹದಿನಾಲ್ಕೂ ಒಟ್ಟಿಗೆ ಸಿಗೋ ಕಾಲ ಇದು. ಎಂಟು ಮುಗಿಸಿ ಅದೇ ರಾತ್ರಿ ಒಂಬತ್ತು ತೆರೆದರೆ ಮ್ಯಾಟ್‌ಗೆ ನಾಲ್ಕು ವರ್ಷ ಕಾಯೋದು ಅಂದ್ರೇನು ಅಂತ ತಿಳಿಯೋದೇ ಇಲ್ಲ. ಆ ಕೆಸರಲ್ಲಿ ಅರ್ಧದಷ್ಟು ಕಾಯುವಿಕೆಯದೇ ಇತ್ತು. ಉಳಿದರ್ಧ ಪುಸ್ತಕದೊಳಗೇ ಇದೆ, ಸುಳ್ಳು ಹೇಳೋದಿಲ್ಲ. ಹತ್ತನೆಯದನ್ನ ಬಿಟ್ಟು ಹಾರಬೇಡಿ. ಕೊನೇ ಪುಟಗಳಲ್ಲಿ ಎಗ್ವೇನ್ ಶತ್ರುಗಳ ಕೈಗೆ ಸಿಕ್ಕಿಬೀಳ್ತಾಳೆ, ಅಲ್ಲಿಂದ ಶುರುವಾಗೋ ಅವಳ ಕಥೆ ಇಡೀ ಸರಣಿಯಲ್ಲೇ ಬಲವಾದದ್ದು. ಟೀ ಕುಡಿಯೋ ಪುಟಗಳನ್ನ ಬೇಕಾದರೆ ಕಣ್ಣಾಡಿಸಿಕೊಂಡು ಹೋಗಿ.

ಅಮೆಜಾನ್ ಪ್ರೈಮ್‌ನಲ್ಲಿ 2021ರ ನವೆಂಬರ್‌ನಲ್ಲಿ ಶುರುವಾದ ಟಿವಿ ಸರಣಿ ನೋಡಿರಬಹುದು. ಮೂರನೇ ಸೀಸನ್ ನಾಲ್ಕನೇ ಪುಸ್ತಕದ ಸುತ್ತ ನಡೀತು. ತುಂಬಾ ಚೆನ್ನಾಗಿತ್ತು. 2025ರ ಮೇ ತಿಂಗಳಲ್ಲಿ ಅದನ್ನ ನಿಲ್ಲಿಸಿಬಿಟ್ಟರು. ತೆರೆ ಮೇಲೆ ಈ ಕಥೆ ಕೆಸರಿನ ಹತ್ತಿರಕ್ಕೂ ಬರಲಿಲ್ಲ.

ಫೋಟೋದಲ್ಲಿ ಬಲಗಡೆ ಕೊನೆಯಲ್ಲಿರೋದು 'ಎ ಮೆಮೊರಿ ಆಫ್ ಲೈಟ್'. ಅದರ ಕೊನೇ ದೃಶ್ಯ ಏನಂತ ಜೋರ್ಡನ್‌ಗೆ ಮೊದಲ ಪುಸ್ತಕ ಬರೆಯೋವಾಗಲೇ ಗೊತ್ತಿತ್ತು. ಸಾಯೋಕೆ ಮುಂಚೆ ಅದನ್ನ ಬರೆದಿಟ್ಟಿದ್ದರು. ಸ್ಯಾಂಡರ್ಸನ್ ಅದನ್ನ ಹೆಚ್ಚುಕಮ್ಮಿ ಹಾಗೇ ಇಟ್ಟಿದ್ದಾನೆ.

ನೀವು ಓದಿದ್ದೀರಾ? ಎಷ್ಟನೇ ಸಂಪುಟದಲ್ಲಿ ಕೈಬಿಟ್ಟಿರಿ? ಕಾಮೆಂಟಲ್ಲಿ ನಂಬರ್ ಹಾಕಿ, ಎಂಟರಿಂದ ಹತ್ತರೊಳಗಿನವರಿಗೆ ಸಂಕೋಚ ಬೇಡ.

#ಕಾಲಚಕ್ರ #ಪುಸ್ತಕಗಳಹಿಂದಿನಕಥೆ #ಫ್ಯಾಂಟಸಿ